ನ್ಯೂಟ್ರಲ್

ಆನೆಕಾಡಿನ ತಿರುವಿನಲ್ಲಿ ಅವತ್ತು
ಹೆಣ್ಣಾನೆಯೊಂದು ಮರಿ ಕಟ್ಟಿಕೊಂಡು ರಸ್ತೆಗೆ ಇಳಿದಿತ್ತು.
ಲೈಟು ಆರಿಸಿದೆ. ಎಂಜಿನ್ ಆರಿಸಲಿಲ್ಲ,
ಮತ್ತೆ ಸೆಲ್ಫ್ ಹೊಡೆದರೆ ಆ ಸದ್ದಿಗೆ ತಿರುಗಿಬಿದ್ದೀತು ಅಂತ.
ಗೇರು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚಿನಿಂದ ಕಾಲು ತೆಗೆದು
ಉಸಿರು ಬಿಗಿಹಿಡಿದು ಕೂತೆವು, ನಾನೂ ಕ್ಲೀನರ್ ಹಂಸುವೂ.

ಆಗ ಕೇಳಿಸಿತು.
ಸಣ್ಣದು. ಮುಚ್ಚಿದ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ.
ಕ್ಲಚ್ ಒತ್ತಿದೆ, ನಿಂತಿತು.
ಬಿಟ್ಟೆ, ಶುರುವಾಯಿತು.
ಮತ್ತೆ ಒತ್ತಿದೆ. ಮತ್ತೆ ಬಿಟ್ಟೆ.
ನಡುರಸ್ತೆಯಲ್ಲಿ ಆನೆ ನಿಂತು ಕಿವಿ ಅಗಲಿಸಿತು.
ಅದಕ್ಕೂ ಕೇಳಿಸಿರಬೇಕು.

ಹಾಗೆ ನೋಡಿದರೆ ಲಾರಿ ಹೇಳುತ್ತಲೇ ಇತ್ತು.
ಹುತ್ತರಿ ಕಳೆದ ವಾರ, ಬೆಳಗಿನ ಜಾವ,
ಎರಡನೇ ಗೇರು ಕರಕರ ಹಲ್ಲು ಕಡಿಯಿತು.
ಚಳಿ ಅಂದುಕೊಂಡೆ. ನನ್ನ ಹಲ್ಲೂ ಕಡಿಯುತ್ತಿತ್ತಲ್ಲ.

ಸುಂಟಿಕೊಪ್ಪದಲ್ಲಿ ಸುಟ್ಟ ವಾಸನೆ ಬಂತು.
ಯಾರೋ ಕಾಫಿ ಕಪ್ಪಗೆ ಹುರಿದಿದ್ದಾರೆ ಅಂದುಕೊಂಡೆ.
ಮಡಿಕೇರಿಯವರೆಗೂ ಜೊತೆಗೇ ಬರುವ ವಾಸನೆ
ಯಾರ ಮನೆಯ ಬಾಣಲೆಯದು?
ಕೇಳಿಕೊಳ್ಳಲಿಲ್ಲ.

ಶೆಡ್ಡಿನ ನೆಲದಲ್ಲಿ ಎಂಟಾಣೆಯಗಲ ಎಣ್ಣೆ.
ಹಂಸು ಅದರಡಿ ರಟ್ಟು ಹಾಸಿಟ್ಟ.
ಬೆಳಗ್ಗೆ ನೋಡಿದರೆ ಅಂಗೈಯಗಲ.
ಮೊದಲು ನೋಡಿದ್ದು ಅವನೇ, ಒಪ್ಪಿಕೊಳ್ಳಬೇಕು.
ನಾನು ಅಂದದ್ದು: ಹಳೇ ಗಾಡಿ ಕಣೋ, ಬೆವರುತ್ತೆ.

ಆಮೇಲೆ ಸಂಪಾಜೆ ಇಳಿತ.
ಮೂರನೇ ಗೇರು ತಾನಾಗಿ ಕಳಚಿಕೊಂಡಿತು.
ಒಂದೇ ಸಲ. ಮುಂದೆ ಕೊಯನಾಡಿನವರೆಗೂ
ಎಡಗೈಯಲ್ಲಿ ಲಿವರು ಒತ್ತಿ ಹಿಡಿದೇ ಇಳಿದೆ,
ಮದುವೆ ಮನೆಯಿಂದ ಕುಡಿದ ಭಾವನ ತೋಳು ಹಿಡಿದು
ಸುಮ್ಮನೆ ಹೊರಗೆ ಕರೆತರುವ ಹಾಗೆ.
ಯಾರಿಗೂ ಹೇಳಲಿಲ್ಲ. ಮರ್ಯಾದೆಯ ಪ್ರಶ್ನೆ,
ನನ್ನದೋ ಲಾರಿಯದೋ ಗೊತ್ತಿಲ್ಲ.

ಆನೆ ದಾಟಿತು. ಮರಿ ದಾಟಿತು.
ಬಿದಿರು ಅಲ್ಲಾಡುವುದು ನಿಂತಿತು.
"ಅಣ್ಣಾ, ಹೋಗೋಣ" ಅಂದ ಹಂಸು.
ಗೇರಿಗೆ ಕೈ ಹೋಗಲಿಲ್ಲ.

"ನಾಳೆ ಮಂಗಳೂರು ಲೋಡು" ಅಂದರು ಮೇದಪ್ಪನವರು,
"ಸೀಜನ್ ಕಳೀಲಿ, ಬಿಚ್ಚಿಸೋಣ."
"ಘಾಟಿ ಇಳಿಯಲ್ಲ ಸಾರ್" ಅಂದೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.
ಗಂಬೂಟು ಹಾಕಿಕೊಂಡೇ ಬಂದರು ಸಿಟ್ಟಿನಲ್ಲಿ,
ಕಣದ ಕಾಫಿ ತುಳಿದುಕೊಂಡು.
"ಎಲ್ಲಯ್ಯಾ ಸದ್ದು? ನನಗೆ ಕೇಳಿಸಲ್ಲ."
ಕೋವಿ ಹೊಡೆದೂ ಹೊಡೆದೂ ಬಲಗಿವಿ ಹೋಗಿತ್ತು ಅವರಿಗೆ,
ಎಡಗಿವಿ ಅದರ ಹಿಂದೆಯೇ ಹೊರಟಿತ್ತು.

"ಕೇಳೋದು ಬೇಡ ಸಾರ್. ಹತ್ತಿ, ಕೈ ಇಡಿ."

ಹತ್ತಿದರು. ಲಿವರಿನ ಗುಂಡಿಯ ಮೇಲೆ ಕೈ ಇಟ್ಟರು.
ಹಂಸು ಹೊರಗೆ ಬಾಯಿಗೆ ಟವೆಲು ಒತ್ತಿಕೊಂಡಿದ್ದ.
ಎಂಜಿನ್ ಓಡುತ್ತಿತ್ತು. ಗುಂಡಿ ನಡುಗುತ್ತಿತ್ತು,
ಕೈಯೂ.
ಬಹಳ ಹೊತ್ತು ಹಾಗೇ ಕೂತರು.
"ಈ ನಡುಕ ಇದರದಾ," ಕೇಳಿದರು, "ನನ್ನದಾ?"
ನನಗೇನು ಗೊತ್ತು?
"ಔಸೇಪನ ಹತ್ರ ಬಿಡು" ಅಂದು ಇಳಿದರು.

ಕುಶಾಲನಗರದಲ್ಲಿ ಔಸೇಪ ಎಣ್ಣೆ ಬಸಿದ.
ಕರಿ ಎಣ್ಣೆ ಎರಡು ಬೆರಳಲ್ಲಿ ತಿಕ್ಕಿ
ಬಿಸಿಲಿಗೆ ಹಿಡಿದು ತೋರಿಸಿದ.
ಹಿತ್ತಾಳೆಯ ಹುಡಿ, ಮಿಣಮಿಣ.
ಅಕ್ಕಸಾಲಿಗನ ಅಂಗಡಿ ಗುಡಿಸಿದ ಹಾಗಿತ್ತು.
"ಇದು ನಿನ್ನ ಎರಡನೇ ಗೇರು, ಇದು ಮೂರನೇದು" ಅಂದ.
"ಇನ್ನೊಂದು ಟ್ರಿಪ್ಪು ಹೋಗಿದ್ದರೆ
ಲಾರಿಯನ್ನು ಹೊಳೆಯಲ್ಲಿ ಬಿಚ್ಚಬೇಕಿತ್ತು."
ಹಂಸು ನನ್ನ ಮುಖ ನೋಡಿದ. ನಾನು ರಟ್ಟು ನೆನೆದೆ.

ಐದನೇ ದಿನ ಮೇದಪ್ಪನವರು ಬಂದರು, ಬಿಲ್ಲು ಕೊಡಲು.
ಕೇಳದೆಯೇ ಕ್ಯಾಬಿನ್ ಹತ್ತಿದರು.
"ಸ್ಟಾರ್ಟ್ ಮಾಡು."
ಮಾಡಿದೆ. ನ್ಯೂಟ್ರಲ್.
ಡಬ್ಬಿಯೊಳಗೆ ದುಂಬಿ ಇರಲಿಲ್ಲ.
ಗುಂಡಿಯನ್ನು ಮುಟ್ಟಿದೆ, ಹೆಚ್ಚೇನೂ ಅಲುಗುತ್ತಿರಲಿಲ್ಲ.
ಅವರೂ ಕೈ ಇಟ್ಟರು.
ನೋಡುತ್ತ ನೋಡುತ್ತ ನಕ್ಕರು.
"ಗೊತ್ತಾಯ್ತು ಬಿಡು, ಯಾರದ್ದು ಅಂತ."

ನಾನು ಎಂಜಿನ್ ಆರಿಸಿದೆ.
ಕೆಳಗೆ ಔಸೇಪ ಕೊನೆಯ ಬೋಲ್ಟು ಬಿಗಿಯುತ್ತಿದ್ದ,
ತಲೆ ಎತ್ತಲಿಲ್ಲ.